ಮರ ಮುಟ್ಟಬಾರದ ಯಂತ್ರಗಳು

ವೇದಿಕೆಯ ನಟ್ಟನಡುವೆ ಆಸೀನರಾಗಿರುವ, ಸದ್ಯಕ್ಕೆ ಎಚ್ಚರವಾಗಿಯೂ ಇರುವ ನಮ್ಮ ಸಂಘದ ಮಾನ್ಯ ಅಧ್ಯಕ್ಷರೇ, ನಮ್ಮ ಸದಸ್ಯರ ಸಂಪಾದನೆಯ ಬಹುಪಾಲು ಯಾರ ಅಂಗಡಿಗೆ ಹೋಗಿ ಸೇರುತ್ತದೋ ಆ ಬಣ್ಣದಂಗಡಿಯ ಮಾಲೀಕರೂ ಇಂದಿನ ಮುಖ್ಯ ಅತಿಥಿಗಳೂ ಆದ ಮಹನೀಯರೇ, ನಾವೆಲ್ಲ ಸೇರಿ ಅತ್ಯಂತ ಪ್ರೀತಿಯಿಂದ ಹೊರಗೆ ಹಾಕುತ್ತಿರುವ ನಮ್ಮ ಹಲ್ಲಿನ ಡಾಕ್ಟರೇ, ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿದ್ದರೂ ಜಾಗ ಬಿಟ್ಟು ಏಳದ ಸಭಿಕರೇ,

ಕಾರ್ಯದರ್ಶಿಯಾಗಿ ನಾನು ಎರಡು ಮಾತು ಆಡಬೇಕೆಂದು ಅಪ್ಪಣೆಯಾಗಿದೆ. ನನ್ನ ಎರಡು ಮಾತು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನಿಮಗೆ ಹೊಸದಲ್ಲ. ಮೊನ್ನೆಯೇ ಎರಡು ಪುಟ ಟೈಪ್ ಮಾಡಿಸಿ ಸಮಿತಿಗೆ ತೋರಿಸಿ ಒಪ್ಪಿಗೆ ಪಡೆದಿದ್ದೇನೆ. ಅದನ್ನೇ ಓದುತ್ತೇನೆ.

ಹಳೆಯ ಮರಗೆಲಸ ಯಂತ್ರಗಳ ಸಂಗ್ರಾಹಕರ ಸಂಘ ಎಂದರೇನು? ಹೊಸಬರು ಕೇಳುತ್ತಾರೆ. ಎಲ್ಲೋ ಒಂದು ಮರದ ಮಿಲ್ಲು ಮುಚ್ಚಿರುತ್ತದೆ. ಅದರ ಮೂಲೆಯಲ್ಲಿ ತುಕ್ಕು ತಿಂದ ಯಂತ್ರವೊಂದು ಬಿದ್ದಿರುತ್ತದೆ, ಅದರೊಳಗೆ ಕೋಳಿ ಮೊಟ್ಟೆಯಿಟ್ಟಿರುತ್ತದೆ. ನಾವು ಹೋಗಿ ಕೋಳಿಯನ್ನು ಎಬ್ಬಿಸಿ ಯಂತ್ರವನ್ನು ಮನೆಗೆ ತರುತ್ತೇವೆ. ಒಂದೊಂದು ನಟ್ಟನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕುತ್ತೇವೆ. ತುಕ್ಕು ಕೆರೆಯುತ್ತೇವೆ, ಬೇರಿಂಗು ಬದಲಿಸುತ್ತೇವೆ, ಬಣ್ಣ ಹೊಡೆಯುತ್ತೇವೆ. ಆಮೇಲೆ? ಆಮೇಲೆ ಅದರ ಮೇಲೆ ಬೆಡ್‌ಶೀಟು ಹೊದಿಸುತ್ತೇವೆ. ನೆಂಟರು ಬಂದರೆ ಬೆಡ್‌ಶೀಟು ತೆಗೆದು ತೋರಿಸುತ್ತೇವೆ. ಅವರು ಹೋದ ಮೇಲೆ ಮತ್ತೆ ಹೊದಿಸುತ್ತೇವೆ. ಇದಕ್ಕಿಂತ ಘನವಾದ ಕೆಲಸ ಮನುಷ್ಯನಿಗೆ ಇನ್ನೇನಿದೆ?

ಈ ಘನತೆಯನ್ನು ಕಾಪಾಡಲೆಂದೇ ನಮ್ಮಲ್ಲಿ ಏಳನೇ ನಿಯಮವಿದೆ. ಬರೆದವನು ನಾನೇ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳಿಕೊಳ್ಳುತ್ತೇನೆ. "ದುರಸ್ತಿಗೊಂಡ ಯಂತ್ರಕ್ಕೆ ಯಾವ ಸದಸ್ಯನೂ ಮರ ಹಾಕತಕ್ಕದ್ದಲ್ಲ." ಮರ ಹಾಕಿದರೆ ಹೊಟ್ಟು ಬರುತ್ತದೆ. ಹೊಟ್ಟು ಬಂದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಮರ ಕೊಯ್ಯುವ ಯಂತ್ರಕ್ಕೆ ಮರದಿಂದಲೇ ಅಪಾಯ ಎಂಬುದನ್ನು ಕಂಡುಹಿಡಿದ ಕೀರ್ತಿ ಪ್ರಪಂಚದಲ್ಲಿ ನಮ್ಮ ಸಂಘಕ್ಕೊಂದಕ್ಕೇ ಸಲ್ಲಬೇಕು.

ಇನ್ನು ನಮ್ಮ ಡಾಕ್ಟರ ವಿಷಯ. ನಲವತ್ತು ವರ್ಷ ಊರಿನವರ ಹಲ್ಲು ಕಿತ್ತು, ಕೀಳಲು ಹಲ್ಲು ಉಳಿಯದೆ ನಿವೃತ್ತರಾಗಿ, ಗರಗಸದ ಹಲ್ಲಾದರೂ ಸಿಕ್ಕೀತೆಂದು ನಮ್ಮಲ್ಲಿಗೆ ಬಂದರು. ನನ್ನ ಶೆಡ್ಡಿನಲ್ಲಿ ಹತ್ತೊಂಬತ್ತು ಯಂತ್ರಗಳಿವೆ. ಅವರ ಹತ್ತಿರ ಇರುವುದು ಒಂದೇ ಒಂದು, ಹಲಗೆ ನಯ ಮಾಡುವ ಪ್ಲೇನಿಂಗ್ ಮಷೀನು. ಅದನ್ನು ಎಂಟೇ ತಿಂಗಳಲ್ಲಿ ಮುಗಿಸಿದರು. ಎಂಟು ತಿಂಗಳು! ನಮ್ಮಲ್ಲಿ ಒಂದು ಸ್ಕ್ರೂ ಹುಡುಕುವುದಕ್ಕೇ ಎಂಟು ತಿಂಗಳು ಬೇಕು. ಬಣ್ಣ ಯಾವುದು ಗೊತ್ತೇ? ಮನೆಯ ಗೇಟಿಗೆ ಹೊಡೆದು ಮಿಕ್ಕಿದ್ದ ನೀಲಿ. ಮುಖ್ಯ ಅತಿಥಿಗಳು ಕಣ್ಣು ಮುಚ್ಚಿಕೊಂಡದ್ದನ್ನು ನಾನು ಗಮನಿಸಿದೆ, ಅವರ ನೋವು ನನಗೆ ಅರ್ಥವಾಗುತ್ತದೆ.

ಬಣ್ಣ ಎಂದರೆ ಹೇಗಿರಬೇಕು? ನನ್ನದೇ ಉದಾಹರಣೆ ಕೊಡುತ್ತೇನೆ. ನನ್ನಲ್ಲೂ ಒಂದು ಪ್ಲೇನಿಂಗ್ ಮಷೀನಿದೆ. ಅದನ್ನು ತಂದಾಗ ನನ್ನ ಮಗಳಿಗೆ ಹತ್ತು ವರ್ಷ. ಮಂಚದ ಮೇಲೆ ಬೋರಲು ಮಲಗಿ ಹೋಂವರ್ಕು ಬರೆಯುತ್ತಿದ್ದಳು. "ಅಪ್ಪಾ, ನಂಗೊಂದು ಮೇಜು ಬೇಕು" ಎಂದಳು. ಅಂಗಡಿಯಿಂದ ತರಬಹುದಿತ್ತು. ನಾನಿರುವಾಗ ಅಂಗಡಿಯೇ? "ಮಷೀನು ಸರಿಯಾಗ್ಲಿ ಪುಟ್ಟಿ, ನಾನೇ ಮಾಡ್ಕೊಡ್ತೀನಿ" ಎಂದೆ. ಅವಳು ಟಾರ್ಚು ಹಿಡಿದಳು, ಬೋಲ್ಟುಗಳನ್ನು ಅಳತೆ ನೋಡಿ ಡಬ್ಬಿಗಳಿಗೆ ಹಾಕಿದಳು. ಬ್ಲೇಡು ಕೂರಿಸುವುದನ್ನೂ ಹೇಳಿಕೊಟ್ಟೆ. ಬ್ಲೇಡಿನ ಮೇಲೆ ಚಿಕ್ಕ ಕಡ್ಡಿಯಿಟ್ಟು ಮೂರು ಬ್ಲೇಡಿನ ಉರುಳೆಯನ್ನು ಕೈಯಲ್ಲಿ ತಿರುಗಿಸಬೇಕು, ಮೂರು ಬ್ಲೇಡೂ ಕಡ್ಡಿಯನ್ನು ಒಂದೇ ದೂರ ಎಳೆದರೆ ಮಟ್ಟ ಸರಿಯಿದೆ ಎಂದರ್ಥ. ಹನ್ನೆರಡನೇ ವಯಸ್ಸಿಗೆ ನನಗಿಂತ ಚೆನ್ನಾಗಿ ಕೂರಿಸುತ್ತಿದ್ದಳು.

ಎಲ್ಲ ಮುಗಿಯಿತು, ಬಣ್ಣವೊಂದು ಬಾಕಿ. ಕಾರ್ಖಾನೆಯಿಂದ ಬರುವಾಗ ಅದಕ್ಕಿದ್ದದ್ದು ಒಂದು ಬಗೆಯ ಹಸಿರು. ನಮ್ಮ ಮುಖ್ಯ ಅತಿಥಿಗಳು ಗಿಳಿ ಹಸಿರು ಕೊಟ್ಟರು, ಎಲೆ ಹಸಿರು ಕೊಟ್ಟರು, ಸೀಸೆ ಹಸಿರು ಕೊಟ್ಟರು. ಹನ್ನೊಂದು ಹಸಿರು ಹೊಡೆದು ಹನ್ನೊಂದನ್ನೂ ಕೆರೆದೆ. ಅಷ್ಟರಲ್ಲಿ ಮಗಳ ಶಾಲೆ ಮುಗಿಯಿತು, ಕಾಲೇಜು ಮುಗಿಯಿತು, ಕೆಲಸ ಸಿಕ್ಕಿತು, ಮದುವೆಯಾಯಿತು, ಮಗುವಾಯಿತು. ಫೋನು ಮಾಡಿದಾಗಲೆಲ್ಲ ಮೊದಲ ಮಾತು, "ಅಪ್ಪಾ, ಹಸಿರು ಸಿಕ್ತಾ?" ನೋಡಿ, ಅವಳಿಗೆ ಎಷ್ಟು ಆಸಕ್ತಿ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಹೆಂಡತಿ ಮಾತ್ರ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು.

ಇರಲಿ. ಇದು ಟೈಪಿನಲ್ಲಿಲ್ಲ, ಬಾಯಿಗೆ ಬಂತು. ಡಾಕ್ಟರ ಅಪರಾಧಕ್ಕೆ ಬರೋಣ.

ಸಂಘದಿಂದ ಸದಸ್ಯರ ಯಂತ್ರಗಳನ್ನು ನೋಡುವ ಕಳೆದ ತಪಾಸಣೆಯಲ್ಲಿ ಅವರ ಮಷೀನಿನ ಬ್ಲೇಡಿನಲ್ಲಿ ಒಂದು ಸಣ್ಣ ಮುಕ್ಕು ಇರುವುದನ್ನು ನಾನು ಬರೆದಿಟ್ಟುಕೊಂಡಿದ್ದೆ. ಎಡತುದಿಯಿಂದ ನಾಲ್ಕು ಬೆರಳು ದೂರ. ಬ್ಲೇಡು ಮುಕ್ಕಾಗಿದ್ದರೆ ಅದರಡಿ ಹೋದ ಹಲಗೆಯ ಮೇಲೆ ಉದ್ದಕ್ಕೂ ಕೂದಲೆಳೆಯಷ್ಟು ಉಬ್ಬಿದ ಗೆರೆಯೊಂದು ಉಳಿಯುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ. ಹೋದ ತಿಂಗಳು ಒಂದು ಮನೆಯಲ್ಲಿ ಹೊಸ ಮೇಜೊಂದನ್ನು ಕಂಡೆ. ಉಳಿದವರು ಚಹಾ ಕುಡಿಯುತ್ತಿದ್ದಾಗ ಕರ್ತವ್ಯನಿಷ್ಠನಾದ ನಾನು ಮೇಜಿನ ಕೆಳಗೆ ತೆವಳಿಕೊಂಡು ಹೋಗಿ ಹಲಗೆಯ ಅಡಿಭಾಗವನ್ನು ಸವರಿದೆ. ಗೆರೆ ಇತ್ತು. ಎಡತುದಿಯಿಂದ ನಾಲ್ಕು ಬೆರಳು ದೂರ. ಆ ಮನೆಯ ಆರು ವರ್ಷದ ಹುಡುಗಿ ಕಣ್ಣಾಮುಚ್ಚಾಲೆ ಎಂದುಕೊಂಡು ತಾನೂ ಒಳಗೆ ನುಸುಳಿ, "ಏನ್ ಹುಡುಕ್ತಿದೀಯ ತಾತಾ?" ಎಂದು ಕೇಳಿದಳು. "ಅಪರಾಧಿಯನ್ನು" ಎಂದು ಹೇಗೆ ಹೇಳುವುದು?

ತಾತ ಎಂದಳು, ನೀವು ಕೇಳಿಸಿಕೊಂಡಿರಿ. ಯಾರ ಮನೆ ಎಂದು ಸಮಿತಿಯವರು ಕೇಳಿದಾಗ "ನಂಬಿಕಸ್ಥರ ಮನೆ" ಎಂದಷ್ಟೇ ಹೇಳಿದ್ದೆ. ಅದು ನನ್ನ ಮಗಳ ಮನೆ, ಸಭಿಕರೇ. ಆ ಮೇಜು ನನ್ನ ಮೊಮ್ಮಗಳದು.

ಸಮಿತಿ ಡಾಕ್ಟರನ್ನು ಕರೆಸಿತು. "ನಿಮ್ಮ ಯಂತ್ರಕ್ಕೆ ಮರ ಹಾಕಿದ್ದು ನಿಜವೇ?" ಎಂದು ನಾನು ಕೇಳಿದೆ. "ಮರ ಹೋಗಿರೋದು ನಿಜ ಕಣ್ರೀ" ಎಂದರು. "ಯಾರಿಗೋಸ್ಕರ?" ಅದಕ್ಕೆ ನನ್ನ ಕಡೆ ನೋಡಿ ಒಂದು ನಗು. ಅದನ್ನು ಉದ್ಧಟತನ ಎಂದು ನಡಾವಳಿಯಲ್ಲಿ ದಾಖಲಿಸಿದೆ. ಅವರನ್ನು ಸಂಘದಿಂದ ತೆಗೆಯಲು ಎಲ್ಲರೂ ಕೈ ಎತ್ತಿದರು. ಅಧ್ಯಕ್ಷರದೂ ಮೇಲೆದ್ದಿತ್ತು, ಆಕಳಿಕೆಗೋ ಒಪ್ಪಿಗೆಗೋ ನಾನು ವಿಚಾರಿಸಲಿಲ್ಲ.

ಇಲ್ಲಿಗೆ ಎರಡನೇ ಪುಟದ ಅರ್ಧಕ್ಕೆ ಬಂದಿದ್ದೇನೆ. ಮುಂದೆ ಡಾಕ್ಟರ ಗೇಟಿನ ಬಗ್ಗೆ ಇನ್ನೂ ಮೂರು ಹಾಸ್ಯಗಳಿವೆ. ಬೇಡ, ಓದುವುದಿಲ್ಲ.

ಇವತ್ತು ಬೆಳಿಗ್ಗೆ ಮಗಳ ಫೋನು ಬಂತು. ಅವಳ ಅಮ್ಮ ವರದಿ ಒಪ್ಪಿಸಿರಬೇಕು. "ಅಪ್ಪಾ, ಡಾಕ್ಟರ್ ಮಾಮನ್ನ ಸಂಘದಿಂದ ತೆಗೀತಿದೀರಂತೆ, ಯಾಕೆ?" ಏಳನೇ ನಿಯಮವನ್ನು ಅವಳಿಗೂ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಮಷೀನು ಓಡ್ಸಿದ್ದು ಅವ್ರಲ್ಲ ಅಪ್ಪಾ, ನಾನು. ನಾಲ್ಕು ಭಾನುವಾರ ಹೋಗಿದ್ದೆ. ಬ್ಲೇಡು ಕೂರ್ಸಿದ್ದೂ ನಾನೇ, ಕಡ್ಡಿ ಇಟ್ಟು, ನೀನು ಹೇಳ್ಕೊಟ್ಟ ಹಾಗೇ. ಮಾಮ ಪಕ್ಕದಲ್ಲಿ ನಿಂತಿದ್ರು ಅಷ್ಟೇ."

ನನ್ನ ಬಾಯಲ್ಲಿ ಬಂದ ಪ್ರಶ್ನೆ ಒಂದೇ. "ನನ್ ಶೆಡ್ಡಿಗೆ ಯಾಕೆ ಬರ್ಲಿಲ್ಲ?"

"ಬಂದಿದ್ದೆ ಅಪ್ಪಾ. ಹಲಗೆ ಕಾರಲ್ಲೇ ಇತ್ತು. ನೀನೇ ಬಣ್ಣ ಒಣಗಿಲ್ಲ, ಮುಟ್ಬೇಡ ಅಂದೆ."

ಅಂದಿದ್ದೆ. ನೆನಪಿದೆ. ಅದು ಹನ್ನೊಂದನೆಯ ಹಸಿರು. ಅವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು, ಬರ್ತೀನಪ್ಪಾ ಎಂದು ಹೋದಳು. ಕಾರಿನಲ್ಲಿ ಏನಿತ್ತು ಎಂದು ನಾನು ಇಣುಕಲಿಲ್ಲ.

ಈಗ ಕಾನೂನಿನ ಮಾತು. ಏಳನೇ ನಿಯಮ ಹೇಳುವುದು "ಯಾವ ಸದಸ್ಯನೂ" ಎಂದು. ನನ್ನ ಮಗಳು ಸದಸ್ಯಳಲ್ಲ. ಆದ್ದರಿಂದ ಡಾಕ್ಟರು ಯಾವ ನಿಯಮವನ್ನೂ ಮುರಿದಿಲ್ಲ. ಅದನ್ನು ಅವರು ಸಮಿತಿಯ ಮುಂದೆ ಒಂದೇ ಮಾತಿನಲ್ಲಿ ಹೇಳಿ ಮನೆಗೆ ಹೋಗಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಹತ್ತೊಂಬತ್ತು ಯಂತ್ರಗಳ ಒಡೆಯನ ಮಗಳು ಒಂದು ಮೇಜಿಗಾಗಿ ಪರರ ಶೆಡ್ಡಿಗೆ ಹೋದಳು ಎಂಬುದು ನಿಮಗೆಲ್ಲ ಗೊತ್ತಾಗುತ್ತಿತ್ತು. ನನ್ನ ಮಾನ ಉಳಿಸಲು ಅವರು ಬಾಯಿ ಮುಚ್ಚಿಕೊಂಡು ಕೂತರು. ಅದಕ್ಕೆ ಪ್ರತಿಯಾಗಿ ನಾನು ಅವರಿಗೆ ಎರಡು ಪುಟ ಕುಹಕ ಟೈಪ್ ಮಾಡಿಸಿದೆ. ಮೇಜಿನಡಿ ಆ ಗೆರೆ ಬೆರಳಿಗೆ ಸಿಕ್ಕಾಗ ನನಗೆ ನಿಯಮ ನೆನಪಾಗಲಿಲ್ಲ ಸಭಿಕರೇ, ಹೊಟ್ಟೆ ಉರಿಯಿತು. ನಿಯಮ ನೆನಪಾದದ್ದು ಮಾರನೆಯ ದಿನ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಮುಖ್ಯ ಅತಿಥಿಗಳು ಕೊಟ್ಟ ಮೊದಲನೇ ಹಸಿರೇ ಸರಿಯಾಗಿತ್ತು. ಕೆರೆದೆ. ಯಾಕೆಂದರೆ ಬಣ್ಣ ಮುಗಿದರೆ ಯಂತ್ರ ಮುಗಿಯುತ್ತದೆ, ಯಂತ್ರ ಮುಗಿದರೆ ಮೇಜು ಮಾಡಬೇಕು. ನನಗೆ ಮರಗೆಲಸ ಬರುವುದಿಲ್ಲ. ನಟ್ಟು ಬಿಚ್ಚುವುದು ಬರುತ್ತದೆ, ತುಕ್ಕು ಕೆರೆಯುವುದು ಬರುತ್ತದೆ. ಒಂದು ಹಲಗೆಯನ್ನು ಇನ್ನೊಂದಕ್ಕೆ ನೆಟ್ಟಗೆ ಕೂಡಿಸುವುದು ಈ ಜನ್ಮದಲ್ಲಿ ಬಂದಿಲ್ಲ. ನಾನು ಮಾಡಿದ ಮೇಜು ಕುಂಟಿದರೆ ಮಗಳ ಮುಂದೆ ಏನಾಗಿ ನಿಲ್ಲಲಿ ಎಂಬ ಹೆದರಿಕೆ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಹೆದರಿಕೆಗೆ ಬಣ್ಣ ಹೊಡೆದೆ. ನಿಮಗೂ ಒಂದು ನಿಯಮ ಬರೆದುಕೊಟ್ಟೆ. ನೀವ್ಯಾರೂ ಯಾಕೆ ಎಂದು ಕೇಳಲಿಲ್ಲ, ನಿಮ್ಮಲ್ಲೂ ಎಷ್ಟು ಜನಕ್ಕೆ ಮರಗೆಲಸ ಬರುತ್ತದೋ ನಾನು ಕೇಳಲು ಹೋಗುವುದಿಲ್ಲ.

ಆದಕಾರಣ ಅಧ್ಯಕ್ಷರಲ್ಲಿ ವಿನಂತಿ. ಈ ಬೀಳ್ಕೊಡುಗೆಯನ್ನು ರದ್ದು ಮಾಡಬೇಕು. ಊಟ ರದ್ದಾಗುವುದಿಲ್ಲ, ಹಿಂದಿನ ಸಾಲಿನವರು ಗಾಬರಿಯಾಗುವುದು ಬೇಡ.

ಫೋನಿಡುವ ಮೊದಲು ಮಗಳು ಇನ್ನೊಂದು ಮಾತು ಹೇಳಿದಳು. "ಮೇಜಾಯ್ತು, ಕುರ್ಚಿ ಇಲ್ಲ ಅಪ್ಪಾ. ಮಗು ನಿಂತ್ಕೊಂಡೇ ಬರೀತಿದೆ. ಭಾನುವಾರ ಹಲಗೆ ತರ್ತೀನಿ, ಶೆಡ್ಡು ತೆಗೆದಿಡು. ಈ ಸಲ ನೀನು ಹಲಗೆ ತಳ್ಳು, ನಾನು ಆ ಕಡೆಯಿಂದ ಹಿಡ್ಕೋತೀನಿ." ಆಗಲಿ ಎಂದಿದ್ದೇನೆ. ಸೋಮವಾರ ಸಮಿತಿ ಸೇರಿ ನನ್ನ ಬಗ್ಗೆ ಎರಡು ಪುಟ ಟೈಪ್ ಮಾಡಿಸಬಹುದು.

ಡಾಕ್ಟರೇ, ನೀವು ನಲವತ್ತು ವರ್ಷ ಹೆದರಿದವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಕೆಲಸ ಮಾಡಿದವರು. ಈಗ ಹೆದರಿರುವವನು ನಾನು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಭಾನುವಾರ ಬಂದು ನನ್ನ ಪಕ್ಕದಲ್ಲೂ ಸ್ವಲ್ಪ ಹೊತ್ತು ನಿಂತುಕೊಳ್ಳುತ್ತೀರಾ?

ತಲೆಯಾಡಿಸಿದಿರಿ. ನೋಡಿದೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮ್ಮೆಲ್ಲರಿಗೂ ಧನ್ಯವಾದಗಳು, ನಮಸ್ಕಾರ.