ಐಸ್ ಪ್ಯಾಕಿನೊಳಗಿನ ನೀರು

ಇಲ್ಲ ತಂಗಿ, ಮೆಷಿನ್ ನಿಲ್ಲಿಸಬೇಡ. ನೀನು ಹೊಲೀತಿರು, ನಾನು ಮಾತಾಡ್ತಿರ್ತೀನಿ. ನಾಲ್ಕು ಸಲ ಬಾಗಿಲಿಂದಲೇ ವಾಪಸ್ ಕಳಿಸಿದೋಳು ಇವತ್ತು ಒಳಗೆ ಕರೆದು ಸ್ಟೂಲ್ ಹಾಕಿದೀಯಲ್ಲ, ಅಷ್ಟು ಸಾಕು ನನಗೆ. ಮಾಸ್ಕ್ ತೆಗೆಯಲ್ಲ, ಬೇಜಾರಾಗಬೇಡ. ಈ ಹಾಳು ಕೊರೊನಾ ಇನ್ನೂ ಪೂರ್ತಿ ತೊಲಗಿಲ್ಲ, ನಿನ್ನ ಮರಿಗಿನ್ನೂ ಎರಡೂವರೆ ತಿಂಗಳು.

ಅಯ್ಯೋ, ಬಟ್ಟೆ ಗಂಟಿನ ಪಕ್ಕ ಎಷ್ಟು ಹಾಯಾಗಿ ಮಲಗಿದಾನೆ ನೋಡು! ಮೂಗು ಥೇಟ್ ಅವನ ಅಕ್ಕಂದೇ... ಇಲ್ಲ, ಬಿಡು. ಪುಟ್ಟಿ ಮಾತು ಎತ್ತಬಾರದು ಅಂತಲೇ ಬಂದಿದ್ದೆ. ನೀನು ಹೊಲಿ.

ಈ ಡಬ್ಬೀನಾ? ಲಸಿಕೆ ಡಬ್ಬಿ. ನೀನು ಹೂಂ ಅನ್ನೋ ತನಕ ಲಸಿಕೆ ಹೊರಗೆ ತೆಗೆಯಲ್ಲ. ನಿಮ್ಮತ್ತೆ ಹೊರಗೆ ಹೇಳಿದ್ದು ಕೇಳಿಸ್ತು. "ದೊಡ್ಡದಕ್ಕೆ ಹಾಕಿಸಿದ್ವಲ್ಲ, ಏನ್ ಬಂತು? ನಾಯಿಕೆಮ್ಮು ಬಂದು ಹೋಗ್ಬಿಡ್ತು ಕೂಸು." ಸರಿಯಾಗೇ ಹೇಳಿದ್ರು. ಅವರ ಜಾಗದಲ್ಲಿ ನಾನಿದ್ದಿದ್ರೆ ನನ್ನಂಥೋಳನ್ನ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ.

ಯಾಕೆ ನಗ್ತೀಯ? ಓ... ನೀರು ಕೊಟ್ರೆ ಲೋಟ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಿದೀನಾ? ಅಭ್ಯಾಸ ಆಗ್ಬಿಟ್ಟಿದೆ ಕಣಮ್ಮ. ಎಣ್ಣೆ ಡಬ್ಬ, ಶಾಂಪೂ ಬಾಟಲಿ, ಕೈಗೆ ಏನು ಸಿಕ್ಕಿದ್ರೂ ಅಲ್ಲಾಡಿಸ್ತೀನಿ. ನಮ್ಮ ಯಜಮಾನ್ರು, "ಒಂದಿನ ನನ್ನ ತಲೇನೂ ಅಲ್ಲಾಡಿಸ್ತೀಯ ನೀನು, ಒಳಗೇನೂ ಇಲ್ಲ, ಸುಮ್ನೆ ಕೈ ನೋವು" ಅಂತಾರೆ. ನಗು, ನಗು. ನೀನು ನಕ್ಕಿದ್ದು ನೋಡಿ ಎಷ್ಟು ಕಾಲ ಆಯ್ತು.

ಲಸಿಕೆ ಅಂದ್ರೆ ಏನಂತ ನಿನ್ನ ಕಸುಬಿನಲ್ಲೇ ಹೇಳ್ತೀನಿ, ಕೇಳು. ಹೊಲಿಯೋಕೆ ಕೊಡೋರು ಅಳತೆಗೆ ಅಂತ ಒಂದು ಹಳೇ ಅಂಗಿ ಇಟ್ಟು ಹೋಗ್ತಾರಲ್ಲ? ಆ ಮನುಷ್ಯ ನಿನ್ನೆದುರು ಬಂದು ನಿಲ್ಲೋದೇ ಬೇಡ. ಭುಜ ಎಷ್ಟು, ಹೊಟ್ಟೆ ಎಷ್ಟು, ಎಲ್ಲ ಅಂಗಿಯಲ್ಲೇ ಸಿಗುತ್ತೆ. ಇದೂ ಹಾಗೇ. ರೋಗ ಬರಲ್ಲ, ರೋಗದ ಅಳತೆ ಮಾತ್ರ ಮೈಗೆ ಸಿಗುತ್ತೆ. ನಾಳೆ ನಿಜವಾದ್ದು ಬಂತು ಅನ್ನು, ಮೈ ಮೊದಲೇ ತಯಾರಿರುತ್ತೆ. ಒಂದೇ ಸಲಕ್ಕೆ ಅಳತೆ ಗಟ್ಟಿಯಾಗಿ ಕೂರಲ್ಲ, ಅದಕ್ಕೇ ಮೂರು ಸಲ.

ಹಾಗಾದ್ರೆ ಪುಟ್ಟಿಗೆ ಯಾಕೆ... ಅದೇ ತಾನೇ? ಮೆಷಿನ್ ನಿಂತುಹೋಗಿದೆ. ಅವಳಿಗೆ ಹಾಕಿದ ದಿನ ನೀನು ಹತ್ತು ಪ್ರಶ್ನೆ ಕೇಳಿದ್ದೆ. ಜ್ವರ ಬರುತ್ತಾ, ಎಷ್ಟು ದಿನ ಇರುತ್ತೆ, ಯಾವ ತೊಡೆಗೆ ಹಾಕ್ತೀರಿ... ಇವತ್ತು ಒಂದಾದ್ರೂ ಕೇಳು ತಾಯಿ.

ಸರಿ, ನಾನೇ ಹೇಳ್ತೀನಿ. ಹೇಳದಿದ್ರೆ ನೀನು ಇವನಿಗೆ ಹಾಕಿಸಲ್ಲ. ಆಚೆ ಬೀದಿಯಲ್ಲಿ ಮತ್ತೆ ಎರಡು ಮಕ್ಕಳಿಗೆ ಅದೇ ಕೆಮ್ಮು. ಆ ಸದ್ದು ನಿನಗೆ ನಾನು ಹೇಳಬೇಕಾ? ಕೆಮ್ಮಿ ಕೆಮ್ಮಿ, ಕೊನೆಗೆ ಉಸಿರು ಎಳೀವಾಗ... ಕುಕ್ಕರ್ ಕೂಗಿದ್ರೂ ಓಡಿ ಹೋಗಿ ಒಲೆ ಆರಿಸ್ತೀನಿ ನಾನು.

ನೋಡು, ಇದು ಐಸ್ ಪ್ಯಾಕ್. ಹಿಡ್ಕೋ. ಫ್ರೀಜರಿಂದ ತೆಗೆದಾಗ ಕಲ್ಲಿನ ಹಾಗಿರುತ್ತೆ. ಹಾಗೇ ಡಬ್ಬಿಗೆ ಹಾಕಬಾರದು. ಹೊರಗಿಟ್ಟು ಕಾಯಬೇಕು. ಅಲ್ಲಾಡಿಸಿದಾಗ ಒಳಗೆ ನೀರಾಡೋ ಸದ್ದು ಕೇಳಿದ್ಮೇಲೇ ಲಸಿಕೆ ಪಕ್ಕ ಇಡಬೇಕು. ಇಲ್ಲಾಂದ್ರೆ ಲಸಿಕೇನೂ ಹೆಪ್ಪುಗಟ್ಟುತ್ತೆ. ಆಮೇಲೆ ಕರಗುತ್ತೆ, ನೋಡೋಕೆ ಚೆನ್ನಾಗೇ ಕಾಣುತ್ತೆ, ಕೆಲಸಕ್ಕೆ ಮಾತ್ರ ಬರಲ್ಲ. ಅಳತೆ ಅಂಗೀನ ಇಸ್ತ್ರಿಯಲ್ಲಿ ಸುಟ್ಟು ನಿನ್ನ ಕೈಗೆ ಕೊಟ್ಟ ಹಾಗೆ.

ಮೂರು ತಿಂಗಳು ಮುಚ್ಚಿದ್ದ ಲಸಿಕೆ ಕೋಣೆ ಅವತ್ತು ಒಂದೇ ದಿನ ತೆಗೆದಿದ್ವಿ. ಗೇಟಿನ ಹೊರಗೆ ಬಿಸಿಲಲ್ಲಿ, ಸುಣ್ಣದಲ್ಲಿ ಬರೆದ ಸುತ್ತುಗಳಲ್ಲಿ, ಕೂಸುಗಳನ್ನ ಎತ್ಕೊಂಡು ನಿಂತಿದ್ರಿ ನೀವೆಲ್ಲ. ಅರ್ಧ ಗಂಟೆ ಕಾದ್ರೆ ಜನ ಸೇರಿಬಿಡ್ತಾರೆ, ಒಬ್ಬರಿಂದೊಬ್ಬರಿಗೆ ಅಂಟುತ್ತೆ ಅಂತ... ನಾನು ಕಾಯಲಿಲ್ಲ. ಕಲ್ಲಿನ ಹಾಗಿದ್ದ ಪ್ಯಾಕನ್ನೇ ಡಬ್ಬಿಗೆ ತುರುಕಿದೆ. ಹದಿನೇಳು ಮಕ್ಕಳಿಗೆ ಹಾಕಿದೆ. ಎಲ್ಲರೂ ಹೋದ್ಮೇಲೆ ಒಂದು ಬಾಟಲಿ ಅಲ್ಲಾಡಿಸಿ ಮೇಜಿನ ಮೇಲಿಟ್ಟೆ. ಒಳಗಿನ ಬಿಳೀದು ಚೂರುಚೂರಾಗಿ ಸರಸರ ತಳ ಸೇರ್ತು. ಹೆಪ್ಪುಗಟ್ಟಿದ್ದಕ್ಕೆ ಗುರುತು ಅದು.

ಲಸಿಕೆ ಕೈ ಕೊಡಲಿಲ್ಲ ತಂಗಿ. ಕೈ ಕೊಟ್ಟಿದ್ದು ನಾನು.

ಮಾತಾಡು. ಬೈಯಿ. ಆ ಕತ್ತರಿ ಎತ್ತಿ ಎಸಿ.

ಮುಚ್ಚಿಟ್ಕೊಂಡು ಕೂತಿರಲಿಲ್ಲ ನಾನು. ಮಾರನೇ ದಿನದಿಂದಲೇ ಮನೆಮನೆ ತಿರುಗಿದೆ. "ಮೇಲಿಂದ ಆರ್ಡರ್ ಬಂದಿದೆ, ಇನ್ನೊಂದು ಡೋಸು" ಅಂತ ಸುಳ್ಳು ಹೇಳಿ ಹದಿನಾರು ಮಕ್ಕಳಿಗೂ ಮತ್ತೆ ಹಾಕಿದೆ. ಎಲ್ಲ ಚೆನ್ನಾಗಿದ್ದಾವೆ. ಒಂದೇ ಒಂದು... ನಿಮ್ಮ ಬೀದಿಗೆ ಬೊಂಬು ಕಟ್ಟಿ ಮುಚ್ಚಿಬಿಟ್ಟಿದ್ರಲ್ಲ, ಇಪ್ಪತ್ತೆಂಟು ದಿನ. ಎರಡು ಸಲ ಬಂದೆ, ಕಾವಲಿನೋನು ಒಳಗೆ ಬಿಡಲಿಲ್ಲ. ನಾನೇನು ಮಾಡ್ಲಿ ಹೇಳು? ಬೀದಿ ತೆಗೆಯೋಷ್ಟರಲ್ಲಿ ನೀನು ಅವಳನ್ನ ದೊಡ್ಡಾಸ್ಪತ್ರೆಗೆ ಸೇರಿಸಿಯಾಗಿತ್ತು. ಏನು ಮಾಡಿದ್ರೂ ನಿನಗೆ ಸುದ್ದಿ ಮುಟ್ಟಿಸೋ ದಾರೀನೇ ಇರಲಿಲ್ಲ.

ಇವನಿಗೆ ನನ್ನ ಕೈಯಿಂದ ಬೇಡ ಅಂದ್ರೆ ಬೇರೆ ಸಿಸ್ಟರ್‌ನ ಕಳಿಸ್ತೀನಿ, ಇವತ್ತೇ. ನನ್ನ ಮುಖ ನೋಡಬೇಡ, ಪರವಾಗಿಲ್ಲ. ಹಾಕಿಸು ಅಷ್ಟೇ. ಕಾಲಿಗೆ ಬೀಳ್ತೀನಿ...

ಏನು ಮಾಡ್ತಿದೀಯ? ಪ್ಯಾಕ್ ಕಿವಿ ಹತ್ರ... ಹೂಂ, ಜೋರಾಗಿ ಅಲ್ಲಾಡಿಸು. ಕೇಳಿಸ್ತಾ? ನನ್ನ ಕಿವಿಗೂ ಹಿಡೀತೀಯಾ? ಹಿಡಿ. ಇದೆ. ನೀರಿದೆ ತಂಗಿ. ಬೆಳಿಗ್ಗೆ ಹತ್ತು ಸಲ ನೋಡಿದೀನಿ.

ಅವನನ್ನ ತೊಡೆ ಮೇಲೆ ಹಾಕ್ಕೊಂಡ್ಯಾ? ನಿಜವಾಗ್ಲೂ?... ತಾಳು. ಬಾಟಲಿ ನೀನೂ ನೋಡು, ತಳದಲ್ಲಿ ಚೂರಿಲ್ಲ. ಮೊದಲು ಬಾಯಿಗೆ ಹನಿ. ಆಮೇಲೆ ಎಡ ತೊಡೆ. ಗಟ್ಟಿಯಾಗಿ ಹಿಡಿ... ಆಯ್ತು. ಆಯ್ತು ಕಂದ, ಆಯ್ತು! ಅಳು ಮರಿ, ಚೆನ್ನಾಗಿ ಅಳು. ಉಜ್ಜಬೇಡ ತಂಗಿ, ಹತ್ತಿ ಸುಮ್ನೆ ಒತ್ತಿ ಹಿಡಿ. ಅಬ್ಬಾ... ಎಷ್ಟು ದಿನದ ಭಾರ ಇಳೀತು ಗೊತ್ತಾ ನನಗೆ?

ಅರ್ಧ ಗಂಟೆ ಇಲ್ಲೇ ಇರ್ತೀನಿ, ಇವನನ್ನ ನೋಡ್ಕೊಂಡು. ರಾತ್ರಿ ಸ್ವಲ್ಪ ಮೈ ಬಿಸಿಯಾಗಬಹುದು, ಗಾಬರಿಯಾಗಬೇಡ. ನೀನು ಫೋನ್ ಮಾಡೋದೂ ಬೇಡ, ಸಂಜೆ ನಾನೇ ಮಾಡ್ತೀನಿ. ನಂಬರ್ ಹೇಳೋದೇನೂ ಬೇಡ, ನನ್ನ ಹತ್ರ ಇದೆ, ಅವತ್ತು ಪುಟ್ಟಿ ಕಾರ್ಡ್ ನೋಡಿ ಬರ್ಕೊಂಡಿದ್ದು...

ಯಾಕೆ ಹಾಗೆ ನೋಡ್ತೀಯ?



...ಹೂಂ. ಇತ್ತು. ಆ ಇಪ್ಪತ್ತೆಂಟು ದಿನಾನೂ ನಿನ್ನ ನಂಬರ್ ನನ್ನ ಹತ್ರ ಇತ್ತು. ಕೂಸನ್ನ ಎತ್ಕೊಂಡು ಬೊಂಬಿನ ಹತ್ರ ಬಾ ಅಂದಿದ್ರೆ ಓಡಿ ಬರ್ತಿದ್ದೆ ನೀನು. ಬೊಂಬಿನ ಈಚೆ ನಿಂತ್ಕೊಂಡೇ ಹಾಕಬಹುದಿತ್ತು. ಆದ್ರೆ ನೀನು ಪ್ರಶ್ನೆ ಕೇಳೋಳು. ಬೇರೆಯೋರು ಯಾರೂ ಕೇಳಲಿಲ್ಲ, ನೀನು ಮಾತ್ರ ಇನ್ನೊಂದು ಡೋಸು ಯಾಕೆ ಅಂತ ಕೇಳ್ತಿದ್ದೆ. ಒಂದಿನ ನಾನೇ ಫೋನ್ ಮಾಡಿದೆ, ಒಂದು ರಿಂಗ್ ಆಗ್ತಿದ್ದ ಹಾಗೇ ಕಟ್ ಮಾಡಿದೆ. ನೀನೇ ವಾಪಸ್ ಮಾಡಿದೆ. "ಯಾರು ಮಾತಾಡ್ತಿರೋದು?" ಅಂದೆ. ನಾನು... ರಾಂಗ್ ನಂಬರ್ ಅಂತ ಇಟ್ಬಿಟ್ಟೆ.

ನಿನ್ನ ಹಿಂದೆ ಪುಟ್ಟಿ ಕೇಕೆ ಹಾಕ್ತಿತ್ತು ತಂಗಿ, ಚೆನ್ನಾಗಿ ಕೇಳಿಸ್ತು ನನಗೆ. ಇನ್ನೂ ಕೆಮ್ಮು ಶುರುವಾಗಿರಲಿಲ್ಲ.