ಬೆಟ್ಟದಲ್ಲಿ ಕಳೆದ ಕರಡಿಗೆ

...ಅಲುಗಾಡ್ಬೇಡ ಅಂದೆ ಕಣೇ! ಇನ್ನೂ ಅರ್ಧ ತಲೆ ಸಿಕ್ಕು ಹಾಗೇ ಇದೆ. ಎಷ್ಟು ದಿನ ಆಯ್ತು ಇದು ಬಾಚಣಿಗೆ ಕಂಡು? ತಿಂಗಳಾ? ಬೆಟ್ಟದಿಂದ ಬಂದಾಗಿಂದ ಅನ್ನು. ನೋವಾಯ್ತಾ? ಆಗ್ಲಿ ಬಿಡು, ಸಿಕ್ಕು ಬಿಡಿಸೋವಾಗ ನೋಯದೆ ಇರತ್ತಾ? ಕೂತ್ಕೋ ನೆಟ್ಟಗೆ, ಗೋಡೆ ಕಡೆ ಮುಖ ಮಾಡಿ. ನಿನ್ನ ಮುಖ ನೋಡ್ತಾ ಕೂತಿರ್ಬೇಕು ಅಂತ ನಂಗೇನೂ ಆಸೆ ಇಲ್ಲ.

ಪಕ್ಕದಲ್ಲಿ ಚೊಂಬಿಟ್ಟಿದೀನಿ, ನೀರು. ಬೇಕಾದ್ರೆ ಕುಡಿ. ಈಗ ಕುಡೀಬಹುದಮ್ಮಾ, ಕೊರಳಿಗೆ ಹೊಸ ಲಿಂಗ ಬಂದಿದೆಯಲ್ಲ... ಯಾಕೆ ಬೆನ್ನು ಸೆಟೆಸ್ಕೊಂಡೆ? ತಮಾಷೆಗಂದೆ. ಓರಗಿತ್ತಿ ಜೊತೆ ತಮಾಷೆ ಮಾಡೋಕೂ ನಾನು ಅಪ್ಪಣೆ ತಗೋಬೇಕಾ?

ಹಜಾರದಲ್ಲಿ ಯಾರು ಬಂದು ಕೂತಿದಾರೆ ಗೊತ್ತಾ? ನಿಮ್ಮಪ್ಪ. ಶೇಷಾದ್ರಿಪುರದಿಂದ ಜಟಕಾ ಮಾಡ್ಕೊಂಡು ಏಳು ಗಂಟೆಗೇ ಬಂದ್ರು ವೃಷಭೇಂದ್ರಪ್ಪನೋರು. ಕಾಫಿ ಕೊಟ್ರೆ ಬೇಡ ಅಂದ್ರು. ಮಗಳನ್ನ ಕೊಟ್ಟ ಮನೇಲಿ ಕಾಫಿ ಬೇಡ್ವಂತೆ! ಮಾವನೋರು ಕಂಬ ಒರಗಿ ಕೂತು ಮೀಸೆ ತಿರುವ್ತಿದಾರೆ. ಹತ್ತು ಗಂಟೆಗೆ ಗುರುಗಳು, ರೇವಣಸಿದ್ದಯ್ಯನೋರು ಬರ್ತಾರಂತೆ. ಬಂದ್ಮೇಲೆ ಏನಂತೆ ಗೊತ್ತಾ? ಅವತ್ತು ಬೆಟ್ಟದ ಮೇಲೆ ಡೇರೆಯೊಳಗೆ ಮಲಗಿದ್ದ ಹೆಂಗಸ್ರೆಲ್ಲ ಒಬ್ಬೊಬ್ರಾಗಿ ಬಂದು, ಲಿಂಗಾನ ಎಡಗೈ ಮೇಲೆ ಇಟ್ಕೊಂಡು, 'ರುದ್ರಾಣಿ ಲಿಂಗದ ಕರಡಿಗೆ ಏನಾಯ್ತೋ ನಂಗೊತ್ತಿಲ್ಲ' ಅಂತ ಆಣೆ ಮಾಡ್ಬೇಕಂತೆ! ನಿಮ್ಮಪ್ಪನ ಹಟ ಇದು. ಡೇರೆಯೊಳಗೆ ಇದ್ದೋರು ಯಾರು? ನೀನು, ನಾನು, ಅತ್ತೆ. ಅರವತ್ತು ದಾಟಿರೋ ಹೆಂಗಸಿನ ಕೈಲಿ ಆಣೆ ಮಾಡಿಸ್ತಾರಂತೆ! ಮಾನ ಮರ್ಯಾದೆ ಏನಾದ್ರೂ ಉಂಟಾ?

ಅದಕ್ಕೇ ನಾನು ಬೆಳಗ್ಗೆಯಿಂದ ಹೇಳ್ತಿರೋದು. ಆಣೆ ಗೀಣೆ ಬೇಡ. ಗುರುಗಳು ಬಂದು ಕೂತ ತಕ್ಷಣ ನೀನೇ ಹೋಗಿ ಅವ್ರ ಕಾಲಿಗೆ ಬೀಳು. 'ತಪ್ಪು ನಂದೇ, ಮುಖ ತೊಳೆಯೋವಾಗ ಕರಡಿಗೆ ಬಿಚ್ಚಿ ಬಂಡೆ ಮೇಲಿಟ್ಟೆ, ಮರೆತ್ಬಿಟ್ಟೆ' ಅನ್ನು. ಅಷ್ಟೇ. ಒಂದೇ ಮಾತು. ಆಮೇಲೆ ನಿಮ್ಮಪ್ಪನ ಜೊತೆ ತೌರಿಗೆ ಹೋಗು, ಹಾಯಾಗಿರು. ಯಾವಾಗ ವಾಪಸ್ಸು ಅಂತೀಯಾ? ಅದನ್ನ ಅತ್ತೆ ಮಾವ ನೋಡ್ಕೋತಾರೆ. ಕರೆಸಿದ್ರೆ ಬಾ. ಕರೆಸ್ದೇ ಇದ್ರೆ... ಅಲ್ಲಾ, ಕೊರಳಲ್ಲಿರೋ ಲಿಂಗ ಕಾಪಾಡ್ಕೊಳ್ದೇ ಇರೋಳು ಗಂಡನ್ನ ಕಾಪಾಡ್ತಾಳಾ ಅಂತ ಜನ ಕೇಳಿದ್ರೆ ನಾನೇನು ಉತ್ತರ ಕೊಡ್ಲಿ?

ಏನದು ತಲೆ ಆಡಿಸ್ತಿರೋದು? ಬೇಡ್ವಾ? ನೆಟ್ಟಗೆ ಹಿಡಿ ತಲೆ.

ಸರಿ, ಮೊದಲಿಂದ ಹೇಳಿಕೊಡ್ತೀನಿ, ಕೇಳಿಸ್ಕೋ. ಗುರುಗಳು ಅಡ್ಡ ಪ್ರಶ್ನೆ ಹಾಕಿದ್ರೆ ತಡವರಿಸಬಾರದು. ಯುದ್ಧ ಮುಗಿದ್ಮೇಲೆ ಮಿಲಿಟರಿಯೋರು ಸಾಮಾನೆಲ್ಲ ಹರಾಜು ಹಾಕಿದ್ರು. ಮಾವನೋರು ಬಳೇಪೇಟೆ ಅಂಗಡಿ ಬಾಗಿಲು ಹಾಕ್ಕೊಂಡು ಹೋಗಿ ಎರಡು ಡೇರೆ ತಂದ್ರು. ಬಳೆ ವ್ಯಾಪಾರ ಮಾಡೋರಿಗೆ ಡೇರೆ ಯಾಕೆ ಅಂತ ಚಾಮರಾಜಪೇಟೆಯೆಲ್ಲ ನಕ್ತು. ಅವ್ರಿಗೆ ರೋಷ ಬಂತು. 'ಬೇಸಿಗೆ ಮುಗಿಯೋದ್ರೊಳಗೆ ಬೆಟ್ಟದ ಮೇಲೆ ಹೂಡೇ ಹೂಡ್ತೀನಿ' ಅಂದ್ರು. ರೋಹಿಣಿ ಮಳೆ ಹಿಡಿಯೋಕೆ ಮುಂಚೆ ನಾಲ್ಕು ದಿನ. ಲಾರೀಲಿ ಅಕ್ಕಿ, ಪಾತ್ರೆ, ಹಾಸಿಗೆ, ಎಲ್ರೂ. ಮಾಗಡಿ ಆಚೆ. ನೀನು ಬಸುರಿ, ಏಳು ತಿಂಗಳು ತುಂಬಿ ಎಂಟರಲ್ಲಿದ್ದೆ. ಅತ್ತೆ ನಿನ್ನ ಬಿಟ್ಟೇ ಹೋಗೋಣ ಅಂದ್ರು. ನಾನೇ, 'ಪಾಪ, ಬೆಟ್ಟದ ಗಾಳಿ ಒಳ್ಳೇದು, ನಾನು ನೋಡ್ಕೋತೀನಿ' ಅಂದೆ. ಅಂದೆನೋ ಇಲ್ವೋ? ಅದನ್ನೂ ಹೇಳು ಗುರುಗಳಿಗೆ. ಅಕ್ಕನೇ ಕರ್ಕೊಂಡು ಹೋದ್ಲು, ಅಕ್ಕನಿಗೆ ನನ್ನ ಕಂಡ್ರೆ ಅಷ್ಟು ಪ್ರೀತಿ ಅಂತ.

ಯಾಕೆ ನಗ್ತಿದೀಯ? ಭುಜ ಕುಣೀತಿದೆ... ನಗು ಅಲ್ವಾ? ಅಳುವಾ? ಅಳು ಅಳು. ಅಳೋದು ನಿಂಗೆ ಚೆನ್ನಾಗಿ ಬರತ್ತೆ.

ನೀನು ಬೆಟ್ಟ ಹತ್ತಿದ್ದು ಹೇಗೆ? ಡೋಲೀಲಿ! ನಾಲ್ಕು ಆಳು ಹೊತ್ತು, ಮುಂದೆ ಮಾವನೋರು ಕೊಡೆ ಹಿಡಿದು... ಮಾವನೋರು, ಕೊಡೆ! ನಾನು? ಒಂಬತ್ತು ವರ್ಷದಿಂದ ಈ ಮನೆ ಹಿರೀಸೊಸೆ, ಉಪ್ಪಿನಕಾಯಿ ಭರಣಿ ಕಂಕುಳಲ್ಲಿ ಇಟ್ಕೊಂಡು ಹಿಂದೆ ಹಿಂದೆ. ಮೇಲೆ ಹೋದ್ಮೇಲೆ ಬಂಡೆ ನಡುವಿನ ದೊಣೆ ನೀರು ಮೊದಲು ಯಾರಿಗೆ? ನಿಂಗೆ. ಗಾಳಿ ಬೀಸೋ ಜಾಗದಲ್ಲಿ ಹಾಸಿಗೆ ಯಾರಿಗೆ? ನಿಂಗೆ. ರಾತ್ರಿ ಊಟ ಆದ್ಮೇಲೆ ಅತ್ತೆ ಎಲ್ರ ಮುಂದೆ ಏನಂದ್ರು? 'ಮೊಮ್ಮಗ ಹುಟ್ಲಿ ಶೈಲಜಾ, ಉಗ್ರಾಣದ ಬೀಗದಕೈ ರುದ್ರಾಣಿಗೆ ಕೊಟ್ಬಿಡು, ನಿಂಗೂ ವಿಶ್ರಾಂತಿ' ಅಂತ. ವಿಶ್ರಾಂತಿ! ನಾನು ಕೇಳಿದ್ನಾ ವಿಶ್ರಾಂತಿ? ಒಂಬತ್ತು ವರ್ಷ ಈ ಗೊಂಚಲು ನನ್ನ ಸೊಂಟದಲ್ಲಿದೆ. ಮಕ್ಕಳಾಗ್ಲಿಲ್ಲ, ಇದೊಂದಾದ್ರೂ ಇತ್ತು. ನೀನು ಏನು ಮಾಡ್ದೆ? ತಲೆ ತಗ್ಗಿಸ್ಕೊಂಡು ನಕ್ಕೆ. ನಕ್ಕೆ ಕಣೇ ನೀನು, ಲಾಂದ್ರದ ಬೆಳಕಲ್ಲಿ ಚೆನ್ನಾಗಿ ನೋಡ್ದೆ ನಾನು.

...ಹೋಗ್ಲಿ. ಅದನ್ನ ಹೇಳ್ಬೇಡ. ಬೆಳಗ್ಗೆ ಎದ್ದು ನೋಡಿದ್ರೆ ಕೊರಳಲ್ಲಿ ಕರಡಿಗೆ ಇಲ್ಲ ಅಂತೀಯಲ್ಲ, ಅದನ್ನೂ ಹೇಳ್ಬೇಡ. ಮಲಗಿದ್ದೋಳ ಕೊರಳಿಂದ ಬೆಳ್ಳಿ ಕರಡಿಗೆ ತಾನಾಗೇ ಎದ್ದು ಹೋಗತ್ತಾ? ಮುಖ ತೊಳೆಯೋವಾಗ ಅನ್ನು. ಕರಡಿಗೆ ಕಟ್ಟಿದ್ದ ಶಿವದಾರ ಸವೆದಿತ್ತು ಅನ್ನು. ಸವೆದೇ ಇತ್ತಲ್ಲ, ಮುಟ್ಟಿದ್ರೆ ಕಿತ್ತು ಬರೋ ಹಾಗಿತ್ತು... ಕಣ್ಣಿಗೆ ಕಾಣ್ತಿತ್ತಪ್ಪ, ಮುಟ್ಟಿ ನೋಡ್ಬೇಕಾ ಅದಕ್ಕೆ?

ಎರಡು ದಿನ ಹುಡುಕಿದ್ವಿ. ಯಾವ ಬಂಡೆ ಬಿಟ್ವಿ ಹೇಳು? ನಾನೂ ಹುಡುಕಿದೆ! ಮೊಣಕಾಲು ತರಚಿ ರಕ್ತ ಬಂತು ನಂಗೆ. ನಿನ್ನ ಗಂಡ ಗುರುಗಳನ್ನ ಕರ್ಕೊಂಡು ಬರ್ತೀನಿ ಅಂತ ಮಾಗಡಿವರೆಗೂ ನಡೆದೇ ಹೋದ. ಬೇರೆ ಯಾರ ಕೈಲೂ ಲಿಂಗ ಕಟ್ಟಿಸೋ ಹಾಗಿಲ್ಲ, ನಮ್ಮನೆ ಗುರುಗಳೇ ಆಗ್ಬೇಕು ಅಂದ್ರಲ್ಲ ಮಾವನೋರು. ಗುರುಗಳು ಊರಲ್ಲಿಲ್ಲ. ಅದು ನನ್ನ ತಪ್ಪಾ? ಲಿಂಗ ಇಲ್ದೆ ಬಾಯಿಗೆ ನೀರು ಬಿಡಬಾರದು, ಅದು ನಾನು ಮಾಡಿದ ನೇಮವಾ? ದೊಣೆ ಪಕ್ಕದಲ್ಲೇ ಕೂತಿದ್ದೆ ನೀನು, ನೀರು ನೋಡ್ತಾ. ತುಟಿ ಒಡೆದು ಬಿಳೀ ಪೊರೆ ಎದ್ದಿತ್ತು. ಅತ್ತೆ ಕರುಳು ತಡೀಲಿಲ್ಲ. 'ರಟ್ಟೇಲಿ ಕೂಸಿನ ಲಿಂಗ ಇದೆಯಲ್ಲ, ಎಂಟರಲ್ಲಿ ಗುರುಗಳು ಹೊಟ್ಟೆ ಮಗೂಗೆ ಅಂತ ಕಟ್ಟಿದ್ದು, ಅದಕ್ಕೇ ನೀರೆರೆದು ಒಂದು ಗುಟುಕು ಕುಡೀಲಿ' ಅಂದ್ರು. ನಾನು ಬೇಡ ಅಂದೆ. ಹೌದು, ನಾನೇ ಅಂದೆ! ಕೂಸಿನ ಲಿಂಗ ಕೂಸಿಗೆ, ತಾಯಿ ಬಾಯಿಗೆ ಹೇಗಾಗತ್ತೆ, ಹುಟ್ಟೋ ಮಗೂಗೆ ದೋಷ ತಟ್ಟಲ್ವಾ ಅಂದೆ. ನೇಮ ಗೊತ್ತಿರೋರು ಹೇಳ್ಬೇಕಲ್ಲ. ನೀನೂ ತಲೆ ಆಡಿಸ್ದೆ. ನಾನೇನು ನಿನ್ನ ಕೈ ಹಿಡ್ಕೊಂಡಿದ್ನಾ?

ಮೂರನೇ ದಿನ ಸಂಜೆ ಗುರುಗಳು ಬಂದು ಕಟ್ಟಿದ್ರು. ನೀರು ಕುಡಿದೆ. ಅವತ್ತೇ ನೋವು ಬಂತು. ಹುಟ್ಟಿದ್ದಕ್ಕೆ ಉಸಿರಿಲ್ಲ. ಗಂಡು. ಬೆಟ್ಟದ ಬುಡದಲ್ಲೇ ಮಣ್ಣು ಮಾಡಿದ್ರು, ಅದರ ಲಿಂಗಾನೂ ಅದರ ಜೊತೆಗೇ ಹೋಯ್ತು. ಮುಗೀತು. ಎಷ್ಟು ಜನಕ್ಕೆ ಹೀಗಾಗಲ್ಲ? ನಂಗೆ ಅದೂ ಆಗ್ಲಿಲ್ವಲ್ಲ, ನಾನು ಯಾರ ಹತ್ರ ಅಳ್ಲಿ? ನಿಂಗೆ ಎಂಟು ತಿಂಗಳಾದ್ರೂ ಬಸಿರು ನಿಂತಿತ್ತು, ಡೋಲಿ ಸಿಕ್ತು.

ಸಿಕ್ಕು ಬಿಡ್ತು ನೋಡು. ಇನ್ನು ಜಡೆ. ಇದೇನೇ, ಈ ಮೋಡದ ಸೆಖೇಲಿ ಕತ್ತಿಗೆ ಸೆರಗು ಸುತ್ಕೊಂಡು ಕೂತಿದೀಯ? ತೆಗಿ, ಕೂದಲು ಸಿಗ್ತಿಲ್ಲ. ತೆಗಿ ಅಂದೆ! ಕೈ ಬಿಡು... ಹಾಂ, ಹಾಗೆ. ಮೂರು ಕಾಲು ಮಾಡಿ ಬಿಗಿಯಾಗಿ ಹೆಣೆದುಬಿಡ್ತೀನಿ. ಹೇಳು ಒಂದ್ಸಲ, ಏನು ಹೇಳ್ತೀಯ ಗುರುಗಳಿಗೆ? 'ತಪ್ಪು ನಂದೇ...' ಹೂಂ, ಹೇಳು. 'ಮುಖ ತೊಳೆಯೋವಾಗ...'

...ಇದೇನು?

ಕತ್ತಿನ ಹಿಂದೆ... ಎರಡು ದಾರ. ಒಂದು ಹೊಸದು, ಸರಿ. ಇನ್ನೊಂದು? ಯಾಕೆ ಎರಡು ಶಿವದಾರ ಇದೆ ನಿನ್ನ ಕೊರಳಲ್ಲಿ?

ರುದ್ರಾಣಿ.

ಎಲ್ಲಿ ಸಿಕ್ತು ನಿಂಗೆ? ಬಾಯಿ ಬಿಡು. ನನ್ನ ಟ್ರಂಕಿಗೆ ಕೈ ಹಾಕಿದ್ಯಾ? ಬೀಗದಕೈ ನನ್ನ ಸೊಂಟದಲ್ಲೇ ಇದೆಯಲ್ಲ, ಹೇಗೆ ತೆಗೆದೆ? ನಾನು ಸ್ನಾನಕ್ಕೆ ಹೋದಾಗ? ಕಳ್ಳಿ! ಧಾರೆ ಸೀರೆ ಮಡಿಕೆಯೊಳಗೆ, ಅಡಿಯಲ್ಲಿ ಇಟ್ಟಿದ್ದೆ, ಯಾರಿಗೂ ಕಾಣ್ದ ಹಾಗೆ... ಅಂದ್ರೆ ಎಲ್ಲಾ ಗೊತ್ತಿತ್ತು ನಿಂಗೆ. ಗೊತ್ತಿದ್ದೂ ತಲೆ ಕೊಟ್ಟು ಕೂತಿದೀಯ, ನಾನು ಹೇಳಿಕೊಟ್ಟಿದ್ದೆಲ್ಲ ಕೇಳಿಸ್ಕೊಂಡು!

ಮೆಲ್ಲಗೆ, ಮೆಲ್ಲಗೆ... ಹಜಾರಕ್ಕೆ ಕೇಳತ್ತೆ. ಕೇಳೇ ಇಲ್ಲಿ. ಒಂದು ಗಳಿಗೆಗೆ ಅಂತ ತೆಗೆದಿದ್ದು. ಆಣೆಗೂ. ಬೆಳಗ್ಗೆ ಎದ್ದು ನೀನು ಗಾಬರಿಯಿಂದ ಓಡಾಡೋದು ನೋಡ್ಬೇಕು ಅನ್ನಿಸ್ತು, ಅಷ್ಟೇ, ಆ ನಗು ಒಂದ್ಸಲ ಮುಖದಿಂದ ಹೋಗ್ಲಿ ಅಂತ. ಆಮೇಲೆ ಹಾಸಿಗೇಲಿ ಸಿಕ್ತು ಅಂತ ಕೊಟ್ಬಿಡ್ತಿದ್ದೆ. ಅಷ್ಟರಲ್ಲಿ ಮಾವನೋರು ಕೂಗಾಡೋಕೆ ಶುರು ಮಾಡಿದ್ರು, ಎಲ್ರ ಹಾಸಿಗೆ ಕೊಡವಿದ್ರು... ಆಮೇಲೆ ಹೇಗೆ ಕೊಡ್ಲಿ? ಮಧ್ಯಾಹ್ನ ಕೊಡ್ತೀನಿ ಅಂದ್ಕೊಂಡೆ. ಸಂಜೆಗೆ ಅಂದ್ಕೊಂಡೆ. ಹೊತ್ತು ಹೋದಷ್ಟೂ ಕೊಡೋಕಾಗ್ಲಿಲ್ಲ. ಎಸೆಯೋಕಾಗತ್ತೇನೇ ಲಿಂಗಾನ? ಅಷ್ಟು ಪಾಪಿ ಅಲ್ಲ ನಾನು. ದಿನಾ ಪೂಜೆ ಮಾಡಿದೀನಿ ಕಣೇ, ನನ್ನ ಲಿಂಗದ ಪಕ್ಕದಲ್ಲೇ ಇಟ್ಕೊಂಡು, ಬಾಗಿಲು ಹಾಕ್ಕೊಂಡು. ಒಂದು ದಿನಾನೂ ಪತ್ರೆ ತಪ್ಪಿಸಿಲ್ಲ. ಇವತ್ತೂ ಬೆಳಗ್ಗೆ ಎದ್ದು ಅದಕ್ಕೆ...

...ಇವತ್ತು ಬೆಳಗ್ಗೆ. ಇವತ್ತು ಬೆಳಗ್ಗೆ ಅಲ್ಲೇ ಇತ್ತಲ್ಲ. ಪೂಜೆ ಮಾಡಿ ಬೀಗ ಹಾಕ್ಕೊಂಡು ನೇರ ಇಲ್ಲಿಗೆ ಬಂದೆ ನಾನು. ನೀನು ಇಲ್ಲೇ ಕೂತಿದ್ದೆ.

ತಿರುಗು. ತಿರುಗೇ ಈ ಕಡೆ! ದಾರ ಮೇಲಕ್ಕೆ ಎಳಿ... ನಾನೇ ಎಳೀತೀನಿ, ಬಿಡು ಕೈ...

ಇಷ್ಟು ಚಿಕ್ಕದು.

ಇದು ನಿಂದಲ್ಲ. ಇದು... ಅದರದು. ಕೂಸಿನದು. ಮಣ್ಣಿಗೆ ಹಾಕ್ಲಿಲ್ವಾ ಇದನ್ನ? ರಟ್ಟೆಯಿಂದ ಬಿಚ್ಚಿ ಕೊಡು ಅಂದಾಗ ಕೊಡ್ಲಿಲ್ವಾ ನೀನು? ತಿಂಗಳಿಂದ ಸೆರಗಿನ ಕೆಳಗೆ ಇದನ್ನ ಇಟ್ಕೊಂಡು...

ಅಂದ್ರೆ ನಿಂಗೆ ಏನೂ ಗೊತ್ತಿರ್ಲಿಲ್ಲ. ನಾನೇ...

ರುದ್ರಾಣಿ, ಬೈದುಬಿಡು. ಹೊಡಿ ಬೇಕಾದ್ರೆ. ಹಾಗೆ ನೋಡ್ಬೇಡ. ಈಗ ನಾನು ಅಂದಿದ್ದೆಲ್ಲ ನಿಂಗೆ ಕೇಳಿಸ್ಲಿಲ್ಲ, ಅಲ್ವಾ? ನಾನು ಏನೂ ಅನ್ಲಿಲ್ಲ. ಕೂತ್ಕೋ, ಜಡೆ ಇನ್ನೂ ಅರ್ಧ ಇದೆ, ಎಲ್ಲಿಗೆ ಎದ್ದೆ? ಹೊರಗೆ ಯಾರೋ ಬಂದ ಹಾಗಿದೆ... ಪಾದುಕೆ ಸದ್ದು. ಅತ್ತೆ ಕಾಲಿಗೆ ನೀರು ತಗೊಂಡು ಹೋಗ್ತಿದಾರೆ. ಬಂದ್ಬಿಟ್ರು. ಗುರುಗಳು ಬಂದ್ಬಿಟ್ರು ಕಣೇ!

ಗಂಟಲು ಒಣಗ್ತಿದೆ ನಂಗೆ. ಆ ಚೊಂಬು ಕೊಡು ಸ್ವಲ್ಪ, ನಿನ್ನ ಕೈಗೇ ಸಿಗತ್ತೆ ನೋಡು. ಒಂದು ಗುಟುಕು ಸಾಕು. ಕೊಡಮ್ಮಾ... ಯಾಕೆ ಕಾಲಿಂದ ಅದನ್ನ ಆ ಕಡೆ ಸರಿಸ್ತಿದೀಯ? ಕೈ ಯಾಕೆ ಚಾಚಿದೀಯ? ಎಡಗೈ... ಏನು ಬೇಕು ನಿಂಗೆ? ಟ್ರಂಕು ತೆಗೀಬೇಕಾ?

ಬೇಡ ಕಣೇ. ಒಂಬತ್ತು ವರ್ಷದಿಂದ ನನ್ನ ಸೊಂಟದಲ್ಲಿರೋ ಬೀಗದಕೈ ಅದು.