ದೊರೆ ‘ಸಾರು’ ಅಂದಾಗ

ಏಳು ರಾಜ್ಯದ ದೊರೆಗಳು ನನ್ನ ಕೈಯಡುಗೆ ಉಂಡು ಬೆರಳು ಚೀಪಿದ್ದಾರೆ. ಒಬ್ಬ ದೊರೆಯಂತೂ ರುಚಿಗೆ ಸೋತು ಬಾಳೆಲೆಯನ್ನೂ ತಿಂದುಬಿಟ್ಟ!

ಸುಳ್ಳು. ಅಪ್ಪಟ ಸುಳ್ಳು. ನಾನು ನೀರು ಕಾಯಿಸಿದರೂ ತಳ ಹತ್ತುತ್ತದೆ. ನನ್ನ ಹೆಂಡತಿ ಒಲೆಯ ಸುತ್ತ ಗೆರೆ ಎಳೆದಿಟ್ಟಿದ್ದಾಳೆ, ನಾನು ದಾಟುವ ಹಾಗಿಲ್ಲ. ಅದಕ್ಕೇ ದಿನಾ ಸಂಜೆ ಈ ಟೀ ಅಂಗಡಿಯ ಬೆಂಚು ಸವೆಸುವುದು. ಆದರೆ ಈಗ ಹೇಳುವ ಕಥೆ ಮಾತ್ರ ನಿಜ. ಅರ್ಧಕ್ಕಿಂತ ತುಸು ಹೆಚ್ಚೇ ನಿಜ. ಸ್ವಲ್ಪ ಜರುಗಿ ಕೂತುಕೋ ಜವರಣ್ಣ, ಹೂಂಗುಟ್ಟುವುದು ನಿನ್ನ ಪಾಲು. ಎಲ್ಲರೂ ಕೇಳಿ.

ಕೋಳಿಗೆ ಹಲ್ಲಿದ್ದ ಕಾಲ, ಬೆಕ್ಕು ಹಾಲಿಗೆ ಕಾವಲಿದ್ದ ಕಾಲ. ಒಂದು ಊರು. ಯಾವ ಊರು? ಹೆಸರು ಕೇಳಬೇಡಿ, ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಊರಿಗೊಬ್ಬ ದೊರೆ, ದೊರೆಗೊಬ್ಬ ತಾಯಿ. ಬಡವರ ಮನೆ ಹೆಣ್ಣುಮಗಳು, ಒಲೆ ಊದಿ ಊದಿ ಮಗನನ್ನು ಸಾಕಿದವಳು. ಮಗ ಕತ್ತಿ ಹಿಡಿದು, ಸೀಮೆ ಗೆದ್ದು, ಪಟ್ಟಕ್ಕೆ ಕೂತ. ಕೂತವನೇ ತಾಯಿಯ ಕೈಯಿಂದ ಸೌಟು ಇಸಕೊಂಡ.

“ಅವ್ವಾ, ನೀನು ಹೊಗೆ ಕುಡಿದದ್ದು ಸಾಕು. ಇನ್ನು ಕೂತು ಉಣ್ಣು,” ಅಂದ.

ಅಂಥ ಮಗ ಯಾರಿಗುಂಟು ಹೇಳಿ! ನೀರು ಬೇಕು ಅಂದರೆ ಆಳು. ಬೀಸಣಿಗೆ ಬೇಕು ಅಂದರೆ ಆಳು. ಮೂಗಿನ ಮೇಲೆ ನೊಣ ಕೂತರೆ ಓಡಿಸಲಿಕ್ಕೂ ಒಬ್ಬ ಆಳು.

ಅಂಥ ಅವ್ವ ಊಟ ಬಿಟ್ಟಳು.

ಅರಮನೆಯ ಬಾಣಸಿಗ ಹೋಳಿಗೆ ಮಾಡಿ ತಂದ. ಅವ್ವ ಚೂರು ಮುರಿದು ಬಾಯಿಗಿಟ್ಟು, “ಚೆನ್ನಾಗಿದೆ,” ಅಂದಳು. ತಟ್ಟೆ ತಳ್ಳಿದಳು. ಕಜ್ಜಾಯ ತಂದ. “ಚೆನ್ನಾಗಿದೆ.” ತಳ್ಳಿದಳು. ತುಪ್ಪದಲ್ಲಿ ತೇಲುವ ಪಾಯಸ ತಂದ. “ಚೆನ್ನಾಗಿದೆ ಕಣಪ್ಪ,” ಅಂದು ಗೋಡೆ ಕಡೆ ತಿರುಗಿ ಮಲಗಿದಳು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ, ಊಟವೇ ಬೇಡ ಅನ್ನುವವರಿಗೆ ಏನು ಮದ್ದು ಕೊಡುವುದು? ವೈದ್ಯ ನಾಡಿ ಹಿಡಿದು ನೋಡಿದ. “ಕಾಯಿಲೆ ಕಾಣೆ, ಬುದ್ಧಿ. ಆದರೆ ಹಿಂಗೇ ಆದ್ರೆ ಅಮಾವಾಸ್ಯೆ ದಾಟಕ್ಕಿಲ್ಲ,” ಅಂದ.

ದೊರೆ ಮಗುವಿನ ಹಾಗೆ ಅತ್ತ. ಅತ್ತು, ಡಂಗುರದ ಮುದ್ದಯ್ಯನನ್ನು ಕರೆಸಿದ.

ಈ ಮುದ್ದಯ್ಯನ ಸಂಗತಿ ಸ್ವಲ್ಪ ಕೇಳಿ. ತಮಟೆ ಬಡಿದೂ ಬಡಿದೂ ಒಂದು ಕಿವಿ ಮಂದ. ಹೆಂಡತಿ ತವರಿಗೆ ಹೋಗಿದ್ದಳು. ಬೆಳಗ್ಗೆ ತಾನೇ ಹುರುಳಿಕಾಳು ಬೇಯಿಸಿ ಏನೋ ಒಂದು ಸಾರು ಕಾಯಿಸಿದ್ದ. ಒಂದು ತುತ್ತು ಬಾಯಿಗಿಟ್ಟು, ಒಂದು ಸೌಟು ನಾಯಿಗೆ ಹಾಕಿದ. ನಾಯಿ ಮೂಸಿ ನೋಡಿ, ಇವನ ಮುಖವನ್ನೊಮ್ಮೆ ನೋಡಿ, ಬೀದಿ ಬದಲಾಯಿಸಿತು. ಮಾಡಿದ್ದುಣ್ಣೋ ಮಹಾರಾಯ ಅಂದರೆ ಮುದ್ದಯ್ಯ ಅದನ್ನೂ ಉಣ್ಣಲಾರ. ಖಾಲಿ ಹೊಟ್ಟೆಯಲ್ಲೇ ದೊರೆಯ ಮುಂದೆ ಬಂದು ನಿಂತ.

ದೊರೆ ಬಿಕ್ಕಿ ಬಿಕ್ಕಿ ಹೇಳಿದ: “ಅವ್ವ ಊಟ ಬಿಟ್ಟವ್ಳೆ... ಉಣ್ಣಿಸಿದೋರಿಗೆ ಕೇಳಿದ್ದು ಕೊಡ್ತೀನಿ... ಹೋಗು, ಮನೆಮನೆಗೂ ಸಾರು!”

ಹಸಿದವನ ಕಿವಿಗೆ ಸಾರು ಅಂದರೆ ಯಾವ ಸಾರು ಕೇಳೀತು? ನೀವೇ ಹೇಳಿ!

ಡಣ್ ಡಣ್ ಡಣ್! “ಕೇಳ್ರಪ್ಪೋ ಕೇಳಿ! ದೊರೆ ತಾಯಿ ಊಟ ಬಿಟ್ಟವ್ರಂತೆ! ಮನೆಮನೆಯಿಂದ್ಲೂ ಸಾರು ಬರಬೇಕಂತೆ! ಒಲೆ ಮೇಲೆ ಇರೋದನ್ನ ಹಂಗೇ ಎತ್ಕೊಂಡು ಬರಬೇಕಂತೇ!”

ಊರಿಗೆ ಊರೇ ಗಡಿಗೆ ಎತ್ತಿತು. ಅರಮನೆ ಅಂಗಳದಲ್ಲಿ ಹೆಂಗಸರ ಸಾಲೋ ಸಾಲು. ಸಾಲಿನಲ್ಲಿ ನಿಂತ ಹೆಂಗಸರು ಸುಮ್ಮನಿದ್ದಾರೆಯೇ?

“ನಿಂದೇನೇ ಸಾರು, ಕೆಂಪಿ?”

“ಮಸೊಪ್ಪು ಕಣಕ್ಕ. ಬೇಳೆ ಸಾಲದೆ ಬಂತು, ನುಗ್ಗೆಸೊಪ್ಪು ಸೇರಿಸಿ ಮಸೆದುಬಿಟ್ಟೆ.”

“ಅಯ್ಯೋ ಶಿವನೆ, ಹಂಗೂ ಮಾಡ್ಬೋದಾ? ನಾಳೆ ನಾನೂ ಮಾಡ್ತೀನಿ ಇರು. ನಂದು ಉಪ್ಪುಸಾರು. ಖಾರಕ್ಕೆ ನಾಕು ಮೆಣಸು ಜಾಸ್ತಿ ಅರೀತೀನಿ, ನಮ್ಮತ್ತೆ ಮಾತು ನಿಲ್ಲಲಿ ಅಂತ.”

“ನಿಲ್ತಾ?”

“ಎಲ್ಲಿ ನಿಲ್ತದೆ, ಇನ್ನೊಂದು ಮುದ್ದೆ ಹಾಕು ಅಂತಾಳೆ!”

ಗಲಾಟೆ ಕೇಳಿ ದೊರೆ ಹೊರಗೆ ಬಂದ. ಗಡಿಗೆಗಳನ್ನು ನೋಡಿದ. ಮುದ್ದಯ್ಯನನ್ನು ನೋಡಿದ. ಕಣ್ಣು ಕೆಂಡವಾಯಿತು.

“ಏನ್ಲಾ ಇದು? ನಾನು ಸಾರು ಅಂದ್ರೆ ನೀನು ಸಾರು ತರಿಸ್ದಾ? ದೀಪ ಹಚ್ಚೋ ಹೊತ್ತಿಗೆ ಅವ್ವ ಉಣ್ಣಲಿಲ್ವೋ, ನಿನ್ನನ್ನೂ ನಿನ್ನ ತಮಟೇನೂ ಗಡಿ ದಾಟಿಸ್ತೀನಿ!”

ಮುದ್ದಯ್ಯ ತಮಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಗಡಿಗೆಗಳು ಒಳಗೆ ಹೋದವು. ಕೆಂಪಿಯ ಮಸೊಪ್ಪು. “ಚೆನ್ನಾಗಿದೆ.” ಮೆಣಸಿನ ಉಪ್ಪುಸಾರು. “ಚೆನ್ನಾಗಿದೆ.” ಗೌಡರ ಮನೆಯ ಹಿತಕಿದ ಅವರೆಬೇಳೆ ಸಾರು, ಅದರ ಘಮಕ್ಕೆ ಬಾಣಸಿಗನೇ ಎಂಜಲು ನುಂಗಿಕೊಂಡ. “ಚೆನ್ನಾಗಿದೆ ಕಣಪ್ಪ.” ತಟ್ಟೆ ಪಕ್ಕಕ್ಕೆ. ಹೊತ್ತು ಇಳಿಯುತ್ತಾ ಬಂತು. ದೀಪಕ್ಕೆ ಎಣ್ಣೆ ಹುಯ್ದರು, ಬತ್ತಿ ಹೊಸೆದರು.

“ಯಾರ ಮನೇದು ಉಳೀತು?” ದೊರೆ ಕೇಳಿದ.

“ಮುದ್ದಯ್ಯಂದು!” ಹೊರಗಿನಿಂದ ಕೆಂಪಿ ಕೂಗಿದಳು.

“ಬ್ಯಾಡಿ ಬುದ್ಧಿ! ನಮ್ಮ ನಾಯೀನೂ...” ಅನ್ನುವಷ್ಟರಲ್ಲಿ ಭಟರು ಅವನ ಮನೆಯಿಂದ ಗಡಿಗೆ ತಂದೇಬಿಟ್ಟರು.

ಅವ್ವ ಒಂದು ತೊಟ್ಟು ಬಾಯಿಗೆ ಹಾಕಿಕೊಂಡಳು. ಹುಬ್ಬು ಮೇಲೇರಿತು. ಮೂಗು ಸೊಟ್ಟಗಾಯಿತು.

“ಥೂ! ಚೆನ್ನಾಗಿಲ್ಲ!”

ಎಷ್ಟು ದಿನವಾಗಿತ್ತೋ ಆ ಬಾಯಿಂದ ಬೇರೆ ಮಾತು ಬಂದು! ಅವ್ವ ಎದ್ದು ಕೂತಳು.

“ಯಾವನ್ಲಾ ಇದನ್ನ ಮಾಡಿದ್ದು?”

“ನಾ... ನಾನು ಕಣವ್ವ.”

“ಹುರುಳಿ ಬೆಂದ ನೀರು, ಕಟ್ಟು, ಎಲ್ಲೋ?”

“ಅದಾ? ಕೊಳೆ ನೀರು ಅಂತ ಬಸಿದು ಚೆಲ್ಲಿಬಿಟ್ಟೆ.”

“ಅಯ್ಯೋ ನಿನ್ನ ಮನೆ ಕಾಯ್ವಾಗ! ಸಾರವನ್ನೆಲ್ಲ ಮೋರಿಗೆ ಹುಯ್ದು, ಉಳಿದ ಕಾಳಿಗೆ ಬಾವಿ ನೀರು ಕುಡಿಸಿ, ಅದಕ್ಕೆ ಸಾರು ಅಂತ ಹೆಸರಿಟ್ಟಿದ್ದೀಯಲ್ಲೋ! ಏಳು. ನಡಿ ಒಲೆ ಹತ್ರ.”

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಣಸಿಗ ಅಡುಗೆಮನೆ ಬಾಗಿಲಲ್ಲಿ ಅಡ್ಡ ನಿಂತ. “ತಾಯಿ, ತಾವು ಒಳಗೆ ಬರಬಾರದು, ಹೊಗೆ...”

“ಸರಿಯೋ ಅತ್ಲಾಗೆ! ನಿಮ್ಮ ದೊರೆ ಬೆಳೆದದ್ದು ಇದೇ ಹೊಗೇಲಿ.”

ಹುರುಳಿ ಬೇಯಲಿಟ್ಟಳು. ಬೆಂದ ಮೇಲೆ ಕಟ್ಟು ಬಸಿದು ಬೇರೆ ಇಟ್ಟಳು. “ನೋಡ್ಕೊ, ಇದು ಚಿನ್ನ.” ಬೆಳ್ಳುಳ್ಳಿ, ಈರುಳ್ಳಿ ಕೆಂಡದಲ್ಲಿ ಸುಟ್ಟಳು. ಕಾಯಿ, ಖಾರದಪುಡಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಒಂದು ಹಿಡಿ. “ನುಣ್ಣಗೆ ಅರಿಯೋ, ತಮಟೆ ಬಡಿದಂಗಲ್ಲ!” ಮುದ್ದಯ್ಯ ಅರೆದ. ಬಾಣಸಿಗ ಮುದ್ದೆ ತೊಳಸಿದ. ದೊರೆ ಒಲೆ ಊದಿದ. ಹೂಂ, ದೊರೆಯೇ! ಕಣ್ಣಲ್ಲಿ ನೀರು. ಹೊಗೆಯದೋ, ಬೇರೆಯದೋ, ನಾನು ಕೇಳಲಿಲ್ಲ.

ಒಗ್ಗರಣೆ ಚುಂಯ್ ಅಂದಿತು, ದೀಪ ಹಚ್ಚಿದರು. ಅವ್ವ ಒಲೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತು ಒಂದು ಮುದ್ದೆ ಮುಗಿಸಿದಳು. ಇನ್ನೊಂದಕ್ಕೆ ಕೈ ಚಾಚಿದಳು.

“ಅವ್ವಾ, ಹಸಿವಿಲ್ಲ ಅಂತಿದ್ದೆ?”

“ನನ್ನ ಹಸಿವು ಹೊಟ್ಟೇಲಿ ಹುಟ್ಟಲ್ಲ ಮಗ, ಒಲೆ ಮುಂದೆ ಹುಟ್ಟತದೆ. ನೀನು ಸೌಟು ಕಿತ್ಕೊಂಡ ದಿನ ಅದನ್ನೂ ಕಿತ್ಕೊಂಡೆ.”

ದೊರೆ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಕತ್ತಿಯನ್ನೂ ಅಷ್ಟು ಭಕ್ತಿಯಿಂದ ಹಿಡಿದವನಲ್ಲ ಅವನು.

“ಕೇಳು ಮುದ್ದಯ್ಯ, ಏನು ಬೇಕು?”

“ಬುದ್ಧಿ, ನನ್ನ ಹೆಂಡ್ತಿ ಬರೋಗಂಟ ದಿನಾ ಇಲ್ಲೇ ಒಂದು ತುತ್ತು.”

“ತುತ್ತು ಸುಮ್ನೆ ಹಾಕಕ್ಕಿಲ್ಲ,” ಅಂದಳು ಅವ್ವ. “ದಿನಾ ಸಂಜೆ ಬೀದಿ ಸುತ್ತಿ, ಯಾರ ಮನೇಲಿ ಏನು ಸಾರು ಅಂತ ಕೇಳ್ಕೊಂಡು ಬಂದು ನಂಗೆ ಹೇಳಬೇಕು. ಆ ನುಗ್ಗೆಸೊಪ್ಪಿನ ಹುಡುಗೀನ ಮೊದಲು ಕೇಳು.”

ಅಂದಿನಿಂದ ಊರಿಗೆಲ್ಲ ಸಾರುತ್ತಿದ್ದವನು ಊರನ್ನೆಲ್ಲ ಕೇಳುವವನಾದ. ಅದಕ್ಕೇ ನೋಡಿ, ನಮ್ಮ ಕಡೆ ಇವತ್ತಿಗೂ ಇಬ್ಬರು ಎದುರಾದರೆ ಆರೋಗ್ಯ ಆಮೇಲೆ. ಮೊದಲು, “ಊಟ ಆಯ್ತಾ? ಏನ್ ಸಾರು?”

ಗಡಿಗೆ ಅವರದು, ಘಮ ನಮ್ಮದು. ಅವರು ಉಂಡು ತೇಗಿದರು, ನಾವು ಕೇಳಿ ಹಸಿದೆವು. ಆ ಮುದ್ದಯ್ಯ ನನ್ನ ಮುತ್ತಜ್ಜನ ಅಜ್ಜ. ಅದಕ್ಕೇ ನನ್ನ ಕೈಯಡುಗೆ ಹೀಗೆ. ನಂಬುವುದಿಲ್ಲವೇ? ನಂಬಬೇಡಿ, ನಷ್ಟವಿಲ್ಲ. ಆದರೆ ಜವರಣ್ಣ, ಕಥೆಯುದ್ದಕ್ಕೂ ಹೂಂಗುಟ್ಟಿದವನು ನೀನು ತಾನೇ? ಹಾಗಾದರೆ ನನ್ನ ಟೀ ದುಡ್ಡನ್ನೂ ನೀನೇ ಕೊಟ್ಟುಬಿಡು ಮಾರಾಯ.